ಗೋಡೆ ಗೋಧಿ

ಬೆಳಕು ಹರಿಯುವ ಹೊತ್ತು. ಎತ್ತರದ ಮಣೆ ಹತ್ತಿ ನಿಂತ ಸಬ್ಜಗುಲ್ ಮೂರು ಬೆರಳು ಜೋಡಿಸಿ ಹಿಟ್ಟಿನಲ್ಲಿ ಅದ್ದುತ್ತಾರೆ, ಹೊಗೆ ಹಿಡಿದ ಕಂಬಕ್ಕೆ ಮೆತ್ತಗೆ ಒತ್ತುತ್ತಾರೆ. ಒಂದು ಬಿಳಿ ಕಾಳು ಮೂಡುತ್ತದೆ. ಪಕ್ಕದಲ್ಲಿ ಇನ್ನೊಂದು. ಬುಡದಲ್ಲಿ ಕಾಳಾಗಿದ್ದದ್ದು ತೊಲೆ ಮುಟ್ಟುವಷ್ಟರಲ್ಲಿ ತೆನೆಯಾಗಿರುತ್ತದೆ.

“ಮಣೆ ಗಟ್ಟಿಯಾಗಿ ಹಿಡ್ಕೊಳ್ರೋ. ನವ್‌ರೂಜ್ ದಿನಾನೇ ನನ್ನ ಹೂಳೋ ಕೆಲಸ ಇಟ್ಕೋಬೇಡಿ” ಎಂದು ಕೆಳಗೆ ಮಣೆ ಹಿಡಿದ ಹುಡುಗರನ್ನು ಗದರುತ್ತಾರೆ.

ಪಾಮಿರ್ ಬೆಟ್ಟಗಳ ರೋಶ್‌ದರಾ ಹಳ್ಳಿಯಲ್ಲಿ ಹನ್ನೆರಡು ಮನೆ, ಮನೆಗೆ ಐದು ಕಂಬ. ಬಿತ್ತನೆಗೆ ಮುಂಚೆ ಬರುವ ಹೊಸವರ್ಷದ ಹಬ್ಬ ನವ್‌ರೂಜ್‌ಗೆ ಅಷ್ಟಕ್ಕೂ, ಸುತ್ತಲಿನ ಗೋಡೆಗಳಿಗೂ ಹಿಟ್ಟಿನ ಚಿತ್ತಾರ ಬರೆಯುವವರು ಅರವತ್ತೆಂಟರ ಈ ಹೆಂಗಸು ಒಬ್ಬರೇ. ಕಲಿಸಿದ್ದು ಅವರ ತಾಯಿ. ಒಂದು ಚೀಲ ಕೆಂಪು ಗೋಧಿ ಬೀಜವನ್ನು ಕೊಟ್ಟದ್ದೂ ತಾಯಿಯೇ. ಊರಿನ ಉಳಿದವರು ಪೇಟೆಯ ಬಿಳಿ ಗೋಧಿಗೆ ಹೊರಳಿ ಎಷ್ಟೋ ಕಾಲವಾಯಿತು.

ಹಿಂದೊಮ್ಮೆ ಯುದ್ಧದಿಂದ ದಾರಿ ಮುಚ್ಚಿದ ಚಳಿಗಾಲದಲ್ಲೂ ಸಬ್ಜಗುಲ್ ಆ ಬೀಜ ಮುಟ್ಟಿರಲಿಲ್ಲ. “ಮಕ್ಕಳು ಹಸಿವಿಗೆ ಅಳ್ತಿದ್ವು. ನಾನು ಆ ಚೀಲನೇ ತಲೆದಿಂಬು ಮಾಡ್ಕೊಂಡು ಮಲಗ್ತಿದ್ದೆ. ತಾಯಿ ಅನ್ನಿಸ್ಕೊಳ್ಳೋಕೆ ನಾಚಿಕೆ ಆಗ್ತಿತ್ತು” ಎನ್ನುವಾಗ ಅವರು ಮುಖ ತಿರುಗಿಸುತ್ತಾರೆ.

ಅಂಥ ಬೀಜ ಈ ವರ್ಷ ಹಿಟ್ಟಾಗಿದೆ. ಕಲ್ಲುಗೋಡೆಯ ಕೆಳಗಿನ ತುಂಡು ಹೊಲಕ್ಕೆ ಮನೆಯಲ್ಲಿ ‘ಗೋಡೆ’ ಎಂದೇ ಹೆಸರು; ಅಲ್ಲಿ ಬೆಳೆದ ಕೆಂಪು ಗೋಧಿಯೇ ಗೋಡೆ ಗೋಧಿ. ಕಳೆದ ಬೇಸಿಗೆಯಲ್ಲಿ ಆಲಿಕಲ್ಲು ಬಿದ್ದು ಬಿತ್ತನೆಗೆಂದು ಉಳಿದದ್ದು ಒಂದೇ ಚೀಲ. ಪಟ್ಟಣದಿಂದ ಬಂದ ಹೊಸ ಸೊಸೆ ಮಹ್ವಶ್‌ಗೆ ಇದೆಲ್ಲ ಎಲ್ಲಿಂದ ಗೊತ್ತಿರಬೇಕು? ಅತ್ತೆಗೆ ಶ್ರಮ ತಪ್ಪಲೆಂದು ಚೀಲ ಹೊತ್ತು ನೀರಿನ ಗಿರಣಿಗೆ ನಡೆದಳು.

“ಗೋಡೆ ಗೋಧಿ ಅಂದ್ರಲ್ಲ ಅತ್ತೆ, ಗೋಡೆಗೆ ಬರೆಯೋದು ಅಂದ್ಕೊಂಡೆ” ಎಂದಳಂತೆ. ಸಬ್ಜಗುಲ್ ಮೂರು ದಿನ ಅವಳೊಂದಿಗೆ ಮಾತು ಬಿಟ್ಟರು. ಬೈದಿದ್ದರೆ ವಾಸಿಯಿತ್ತು.

ನಾಲ್ಕನೆಯ ದಿನ ಮಹ್ವಶ್ ಯಾರಿಗೂ ಹೇಳದೆ ಗಿರಣಿಗೆ ಹೋಗುತ್ತಾಳೆ. ಬೀಸುವ ಕಲ್ಲಿನಿಂದ ಸಿಡಿದ ಕಾಳು ಮೂಲೆ ಮೂಲೆಯಲ್ಲಿ ಬಿದ್ದಿರುತ್ತದೆ. ಧೂಳಿನಲ್ಲಿ ಮಂಡಿಯೂರಿ, ಬಿಳಿಯದರ ನಡುವೆ ಕೆಂಪನ್ನು ಹೆಕ್ಕುತ್ತಾ ಇಡೀ ದಿನ ಕಳೆಯುತ್ತಾಳೆ. ಸಂಜೆ ಅತ್ತೆಯ ಮುಂದೆ ಓಢಣಿಯ ಗಂಟು ಬಿಚ್ಚಿದಾಗ ಅದರಲ್ಲಿ ನಲವತ್ತಮೂರು ಕಾಳು. ಸಬ್ಜಗುಲ್ ಅಂದು ಅತ್ತರು, ಸೊಸೆಯೂ ಅತ್ತಳು.

ಹಿಟ್ಟನ್ನು ರೊಟ್ಟಿ ಮಾಡಲು ಮಾತ್ರ ಅವರು ಒಪ್ಪಲಿಲ್ಲ. ಈಗ ಊರಿನ ಕಂಬ, ಗೋಡೆಗಳ ಮೇಲಿರುವುದು ಅದೇ ಹಿಟ್ಟು. “ಹಿಟ್ಟಾಗಿದ್ದು ಮತ್ತೆ ಬೀಜ ಆಗಲ್ಲ. ಗೋಡೆ ಮೇಲಾದ್ರೂ ಮೊಳೀಲಿ” ಎನ್ನುತ್ತಾರೆ.

ಬರುವ ವಾರ ಬಿತ್ತನೆ. ಆ ನಲವತ್ತಮೂರು ಕಾಳಿಗೆ ಎತ್ತು ಹೂಡುವುದೇನೂ ಬೇಡ. ಅತ್ತೆ ಸೊಸೆ ಕೂತು ಊರಿದರೆ ಮುಗಿಯಿತು. ಮುಂದೇನು ಆಸೆ ಎಂದರೆ ಸಬ್ಜಗುಲ್ ಪಕ್ಕದಲ್ಲಿರುವ ಸೊಸೆಯತ್ತ ನೋಡುತ್ತಾರೆ.

“ಈ ವರ್ಷ ತಿನ್ನೋ ಹಾಗಿಲ್ಲ, ಮುಂದಿನ ವರ್ಷಾನೂ ಇಲ್ಲ, ಬಂದಿದ್ದೆಲ್ಲ ಬೀಜಕ್ಕೇ ಬೇಕು. ಮೂರನೇ ವರ್ಷ ಒಂದೇ ಒಂದು ರೊಟ್ಟಿ ಆದ್ರೆ ಸಾಕು. ಅಲ್ಲೀವರೆಗೂ ನಾನಿದ್ರೆ, ಮೊದಲನೇ ತುಂಡು ನನ್ನ ಕೈಯಾರೆ ಇವಳ ಬಾಯಿಗೆ ಇಡ್ತೀನಿ.”