ಬಾಕ್ ನಿನ್‌ಗೆ ಹೋಗದವಳು

ಬೆಳಿಗ್ಗೆ ಎದ್ದವಳೇ ವಸುಂಧರಾ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಾಳೆ. ಕೆಟಲ್ ಹಾಕುವುದೂ ಆಮೇಲೆಯೇ. ಆ ದಿನದ ಚೌಕದ ಮೇಲೆ ಬೆರಳಿಟ್ಟು ತಿಥಿ, ನಕ್ಷತ್ರ, ರಾಹುಕಾಲ ನೋಡಿ ಬೆರಳನ್ನು ಕಣ್ಣಿಗೊತ್ತಿಕೊಂಡರೆ ದಿನ ಶುರುವಾಯಿತು. ಕ್ಯಾಲೆಂಡರನ್ನು ಪ್ರತಿ ವರ್ಷ ಮೈಸೂರಿನಿಂದ ಅಕ್ಕ ಕಳಿಸುತ್ತಾಳೆ. ಇಂಗ್ಲೆಂಡಿನ ಸೊಲಿಹಲ್‌ಗೆ ಬಂದು ಹತ್ತು ವರ್ಷವಾದರೂ, ಜ್ವರ ಬಂದ ದಿನವೂ ಇದು ತಪ್ಪಿಲ್ಲ. ಮಗಳು ಸಂಯುಕ್ತಾ "ಮಮ್ಮಿ ಈಸ್ ಚೆಕಿಂಗ್ ದಿ ವೆದರ್" ಎಂದು ನಗುತ್ತಾಳೆ.

ವಸುಂಧರಾ ಕಾರಿನ ಸೆನ್ಸರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇಂಜಿನಿಯರ್. ಎರಡು ಸಾವಿರದ ಹದಿನಾರರ ಶರತ್ಕಾಲದಲ್ಲಿ ಕಾರ್ಖಾನೆಯವರು ವಿಯೆಟ್ನಾಮಿನ ಬಾಕ್ ನಿನ್ ಪ್ರಾಂತ್ಯದಲ್ಲಿ ಹೊಸ ಘಟಕ ತೆರೆಯುತ್ತೇವೆ, ಇಲ್ಲಿಂದ ಒಬ್ಬರನ್ನು ಒಂದು ವರ್ಷಕ್ಕೆ ಕಳಿಸುತ್ತೇವೆ ಎಂದರು. ಅವಳು ಅಂದೇ ಅರ್ಜಿ ಹಾಕಿದಳು. ಮೈಸೂರಿನಿಂದ ಬೆಂಗಳೂರಿಗೆ ಬಂದದ್ದು ಮದುವೆಯಾಗಿ. ಬೆಂಗಳೂರಿನಿಂದ ಇಂಗ್ಲೆಂಡಿಗೆ ಬಂದದ್ದು ಗಂಡ ಉಮಾಶಂಕರನ ವೀಸಾದ ಬಾಲವಾಗಿ. ತನ್ನ ಹೆಸರಿನ ಮೇಲೆ ಒಂದು ಊರಿಗೆ ಹೋಗಬೇಕು, ಅಷ್ಟೇ ಅವಳ ಆಸೆ. ಉಮಾಶಂಕರ, "ಹೋಗಿ ಬಾ, ಸಾರು ನಾನೇ ಕಲಿತೀನಿ" ಎಂದ.

ಹಾಗೆ ಆ ಊರು ಅವಳ ತಲೆ ಹೊಕ್ಕಿತು. ನಕ್ಷೆಯಲ್ಲಿ ಹನೋಯಿಯ ಪಕ್ಕ ಒಂದು ತಾಲ್ಲೂಕಿನಷ್ಟು ಜಾಗ. ಕಣ್ಣು ಹಾಯಿಸಿದಷ್ಟೂ ಬತ್ತ ಇದ್ದ ನೆಲದಲ್ಲಿ ಈಗ ಸಾಲು ಸಾಲು ಫೋನಿನ ಕಾರ್ಖಾನೆ. ಆದರೂ ಒಂದು ಹಳ್ಳಿ ಮರ ಕೆತ್ತುತ್ತದೆ, ಇನ್ನೊಂದು ಕಂಚು ಬಡಿಯುತ್ತದೆ, ಮತ್ತೊಂದು ಅಚ್ಚಿನ ಚಿತ್ರ ಒತ್ತುತ್ತದೆ. ಹೆಂಗಸರು ಅಗಲವಾದ ಟೋಪಿ ಹಿಡಿದು ದೋಣಿಯಲ್ಲಿ ನಿಂತು ಹಾಡುತ್ತಾರೆ. ಗಂಡಸರು ಎದುರು ಹಾಡುತ್ತಾರೆ. ಹಾಡಿಗೆ ಕರೆಯುವುದು ವೀಳ್ಯ ಕೊಟ್ಟು! ಇದನ್ನು ಓದಿದ ದಿನ ಅವಳು ಕ್ಯಾಂಟೀನಿನಲ್ಲಿ ತಡೆಯಲಾರದೆ ಹರಿಪ್ರಸಾದನಿಗೆ ಹೇಳಿಬಿಟ್ಟಳು. ಹರಿಪ್ರಸಾದ ಪ್ರೊಡಕ್ಷನ್ ಇಂಜಿನಿಯರ್, ಹುಬ್ಬಳ್ಳಿಯವನು. ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದ ಇನ್ನೊಬ್ಬ.

ಬಾಕ್ ನಿನ್‌ನ ಮ್ಯಾನೇಜರರ ಜೊತೆ ವಿಡಿಯೊ ಸಂದರ್ಶನ ಡಿಸೆಂಬರಿನ ಒಂದು ಸೋಮವಾರ. ವಸುಂಧರಾಗೆ ಬೆಳಿಗ್ಗೆ ಎಂಟೂವರೆ, ಹರಿಪ್ರಸಾದನಿಗೆ ಒಂಬತ್ತೂವರೆ. ಅವಳ ಬೆರಳು ಕ್ಯಾಲೆಂಡರಿನ ಮೇಲೆ ನಿಂತೇಬಿಟ್ಟಿತು. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು.

"ಹರಿಪ್ರಸಾದ್, ಒಂದು ಉಪಕಾರ. ಸ್ಲಾಟ್ ಬದಲಾಯಿಸ್ಕೊಳ್ಳೋಣ್ವಾ?"

"ಯಾಕ್ರೀ, ಮಗಳನ್ನ ಸ್ಕೂಲಿಗೆ ಬಿಡಬೇಕಾ?"

"ರಾಹುಕಾಲ."

ಅವನು ಜೋರಾಗಿ ನಕ್ಕ. "ತಗೊಳ್ರೀ ಮಾರಾಯ್ರೆ. ರಾಹು ಕೇತು ಇಬ್ರೂ ನನ್ನ ಕ್ಲಾಸ್‌ಮೇಟ್ಸು."

ಎಂಟೂವರೆಗೆ ಕೂತವನು ಮುಕ್ಕಾಲು ಗಂಟೆ ಮಾತಾಡಿದ. ಒಂಬತ್ತೂವರೆಗೆ ಅವಳು ಕೂತಾಗ ಅಲ್ಲಿ ಸಂಜೆ. ಪಾಳಿ ಬದಲಾಗುವ ಹೊತ್ತು. ಮ್ಯಾನೇಜರ್ ಎರಡು ಸಲ ಎದ್ದು ಹೋದರು, ಪರದೆ ಎರಡು ಸಲ ನಿಂತಿತು, ಕ್ಷಮೆ ಕೇಳಿ ಬೇಗನೆ ಮುಗಿಸಿದರು. ಕ್ರಿಸ್‌ಮಸ್‌ಗೆ ಮುಂಚೆ ಹರಿಪ್ರಸಾದನ ಹೆಸರು ಬಂತು. ಆಫೀಸಿನಲ್ಲಿ ಕೇಕ್ ಕತ್ತರಿಸಿದರು. ವಸುಂಧರಾ ಏಕಾದಶಿಯೆಂದು ತಿನ್ನಲಿಲ್ಲ. ಅಂದು ಏಕಾದಶಿಯಾಗಿರಲಿಲ್ಲ.

ಆ ಶನಿವಾರ ಟಿವಿಡೇಲ್‌ನ ಬಾಲಾಜಿ ಗುಡಿಯಲ್ಲಿ ಅರ್ಚಕರ ಮುಂದೆ ಅವಳ ಬಾಯಿಂದ ಮಾತು ಹೊರಬಿತ್ತು. "ರಾಹುಕಾಲ ತಪ್ಪಿಸಿದರೂ ಹೀಗಾಯ್ತಲ್ಲ ಸ್ವಾಮಿ?"

ಅರ್ಚಕರು ವಿಷಯ ಕೇಳಿ, "ಅದು ಬೆಂಗಳೂರಿನ ಲೆಕ್ಕ ಅಮ್ಮ" ಎಂದರು. "ಸೂರ್ಯ ಎಲ್ಲಿ ಹುಟ್ತಾನೋ ಅಲ್ಲಿನ ಲೆಕ್ಕ ಹಿಡೀಬೇಕು. ಡಿಸೆಂಬರಲ್ಲಿ ಇಲ್ಲಿ ಸೂರ್ಯ ಏಳೋದೇ ಎಂಟರ ಮೇಲೆ. ಸೋಮವಾರ ರಾಹುಕಾಲ ಒಂಬತ್ತರ ನಂತರ, ಹತ್ತರವರೆಗೆ."

ಅಂದರೆ ತನಗೆ ತಾನಾಗಿ ಬಂದಿದ್ದ ಒಳ್ಳೆಯ ಹೊತ್ತನ್ನು ಅವಳು ಕೈಯಾರೆ ಎತ್ತಿ ಕೊಟ್ಟು, ರಾಹುವಿನ ಬಾಯಿಗೆ ತಾನೇ ನಡೆದು ಹೋಗಿದ್ದಳು. ಅರ್ಚಕರು ತೀರ್ಥ ಕೊಟ್ಟರು. ಕುಡಿದು, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡು ಹೊರಗೆ ಬಂದಳು.

ಮುಂದಿನ ಹತ್ತು ತಿಂಗಳು ಅವಳ ಪಾಲಿಗೆ ಬಾಕ್ ನಿನ್ ಫೋನಿನಲ್ಲಿತ್ತು. ಹರಿಪ್ರಸಾದ ಆಫೀಸಿನ ವಾಟ್ಸಾಪ್ ಗುಂಪಿಗೆ ಚಿತ್ರ ಕಳಿಸುತ್ತಿದ್ದ. ಪಾಳಿ ಬಿಟ್ಟಾಗ ಹೊಳೆಯಂತೆ ಹರಿಯುವ ಸ್ಕೂಟರುಗಳು. ಕಾರ್ಖಾನೆಯ ಗೋಡೆಗೆ ತಾಗಿದ ಗದ್ದೆಯ ನಡುವೆ ಒಂದು ಸಮಾಧಿ, ಅದರ ಮುಂದೆ ಊದುಬತ್ತಿ. ಅವಳು ಪ್ರತಿ ಚಿತ್ರವನ್ನೂ ಹಿಗ್ಗಿಸಿ ನೋಡುತ್ತಿದ್ದಳು. ಒಂದಕ್ಕೂ ಮೆಚ್ಚುಗೆಯ ಹೆಬ್ಬೆರಳು ಒತ್ತಲಿಲ್ಲ. ದೇವರ ದೀಪ ಹಚ್ಚುವಾಗಲೂ ಹೊಟ್ಟೆಯೊಳಗೆ ಬೇರೊಂದು ಉರಿ ಹತ್ತಿಕೊಳ್ಳುತ್ತಿತ್ತು. 'ಅವನಿಗೆ ಅಲ್ಲಿ ಊಟ ಸೇರದಿರಲಿ' ಎಂದು ಒಮ್ಮೆ ಮನಸ್ಸು ಬೇಡಿಕೊಂಡಿತು. ಗಲ್ಲ ಬಡಿದುಕೊಂಡಳು.

ದೀಪಾವಳಿ ರಜೆಗೆ ಹರಿಪ್ರಸಾದ ಬಂದ. ಗುಡಿಯ ಸಭಾಂಗಣದಲ್ಲಿ ಕನ್ನಡದವರೆಲ್ಲ ಸೇರಿದ್ದ ದಿನ ಅವನದೊಂದು ಭಾಷಣ ಇಟ್ಟರು. ಹೆಸರು: 'ಬತ್ತದಿಂದ ಫೋನಿಗೆ'. ವಸುಂಧರಾ ಕೊನೆಯ ಸಾಲಿನಲ್ಲಿ ಕೂತಳು. ಅವನು ಕಾರ್ಖಾನೆ ಎಷ್ಟು, ಹಳ್ಳಿ ಬಿಟ್ಟು ಬಂದ ಹುಡುಗಿಯರ ಹಾಸ್ಟೆಲ್ ಎಂಥದ್ದು, ಜಮೀನು ಕೊಟ್ಟವರು ಬಾಡಿಗೆ ಕೋಣೆ ಕಟ್ಟಿಸಿದ್ದು ಹೇಗೆ ಎಂದು ಹೇಳಿದ. ಜನ ಆಕಳಿಸಿದರು. ಆಮೇಲೆ ಒಂದು ತಟ್ಟೆಯ ಚಿತ್ರ ಬಂತು: ಮಡಿಸಿದ ವೀಳ್ಯದೆಲೆ, ಅಡಿಕೆ.

"ಇಲ್ಲಿ ನೋಡ್ರೀ, ತಾಂಬೂಲ ಕೊಟ್ಟು ಹಾಡೋಕೆ ಕರೀತಾರೆ!"

ಸಭೆ ಎದ್ದು ಕೂತಿತು. ಚಪ್ಪಾಳೆ. ಶಕುಂತಲಾ ಎಂಬ ಅಜ್ಜಿ, "ಅಯ್ಯೋ, ಹಾಗಾದ್ರೆ ನಮ್ಮವರೇ ಬಿಡು!" ಎಂದರು.

"ಇದನ್ನ ನನಗೆ ಹೇಳಿದ್ದೇ ನಮ್ಮ ವಸುಂಧರಾ ಮೇಡಂ" ಎಂದು ಹರಿಪ್ರಸಾದ ಹಿಂದಕ್ಕೆ ಕೈ ತೋರಿಸಿದ. "ಇಂಟರ್‌ವ್ಯೂನಲ್ಲಿ ಇದನ್ನೇ ಹೇಳ್ದೆ. ಮ್ಯಾನೇಜರ್ ಫ್ಲ್ಯಾಟ್!"

ಎಲ್ಲರೂ ತಿರುಗಿ ನೋಡಿ ನಕ್ಕರು. ವಸುಂಧರಾಳೂ ನಕ್ಕಳು. ಎಂಟೂವರೆಯೂ ಅವಳದೇ, ವೀಳ್ಯವೂ ಅವಳದೇ. ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು! ಕದ್ದ ಎಂದಾದರೂ ಬೈಯಬಹುದಿತ್ತು.

ಊಟದ ಕೋಣೆಯಲ್ಲಿ ಅವನು ಪುಳಿಯೋಗರೆ ತಟ್ಟೆ ಹಿಡಿದು ಅವಳನ್ನೇ ಹುಡುಕಿಕೊಂಡು ಬಂದ.

"ಮೇಡಂ, ಮಾರ್ಚ್‌ಗೆ ಎರಡನೇ ಲೈನ್ ಶುರು. ಕ್ವಾಲಿಟಿಗೆ ಒಬ್ರು ಬೇಕು. ನಿಮ್ಮ ಹೆಸರು ಹೇಳಲಾ? ನಾನು ಹೇಳಿದ್ರೆ ಮುಗೀತು. ಇಂಟರ್‌ವ್ಯೂನೂ ಇಲ್ಲ, ರಾಹೂನೂ ಇಲ್ಲ."

ಒಂದು ಕ್ಷಣ ದೋಣಿ, ಅಗಲ ಟೋಪಿ, ಗದ್ದೆಯ ನಡುವಿನ ಊದುಬತ್ತಿ ಎಲ್ಲ ಅವಳ ಕಣ್ಣ ಮುಂದೆ ಬಂದವು. ಹೂಂ ಅಂದರೆ ಸಾಕು. ಆದರೆ ಅಲ್ಲಿ ಇಳಿದವಳನ್ನು ಎಲ್ಲರೂ ಹರಿಪ್ರಸಾದ್ ಕರೆಸಿದ ಹೆಂಗಸು ಎನ್ನುತ್ತಾರೆ. ಮತ್ತೊಬ್ಬರ ಬಾಲ. ಅದೂ ಇವನದು. ಇದು ಸ್ವಾಭಿಮಾನವಲ್ಲ, ಹೊಟ್ಟೆಕಿಚ್ಚು ಎಂದು ಅವಳಿಗೆ ಗೊತ್ತಿತ್ತು, ಬಾಲಾಜಿಗೂ ಗೊತ್ತಿದ್ದೀತು.

"ಬೇಡ ಹರಿಪ್ರಸಾದ್."

"ಯಾಕ್ರೀ? ಈಗಲೂ ರಾಹುಕಾಲನಾ?"

"ಇಲ್ಲ, ಒಳ್ಳೆ ಹೊತ್ತೇ. ಇಲ್ಲಿನ ಲೆಕ್ಕದಲ್ಲೇ ನೋಡ್ಕೊಂಡು ಬಂದಿದೀನಿ." ಇನ್ನು ಬಡಿಸಬೇಡಿ ಎನ್ನುವಂತೆ ಅವಳು ತನ್ನ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು. "ನಿಮ್ಮ ಹತ್ರ ಒಂದು ಉಪಕಾರ ತಗೊಂಡಿದೀನಲ್ಲ, ಅದೇ ಇನ್ನೂ ಅರಗಿಲ್ಲ."