ವನಜಾಳ ಕ್ಯಾಸೆಟ್ಟಿನ ಎರಡನೆಯ ಬದಿ

ವನಜಾ, ನಿನ್ನ ಕ್ಯಾಸೆಟ್ ನನ್ನ ಬಳಿಯೇ ಇದೆ. ಅದರ ಮೇಲೆ ಬೇರೇನೋ ರೆಕಾರ್ಡ್ ಆಗಿ ಅಳಿಸಿಹೋಯಿತು ಎಂದು ನಿನಗೆ ಹೇಳಿದ್ದು ಸುಳ್ಳು. ಅದಕ್ಕೂ ಮೊದಲು, ಅದು ಸಂಗೀತವೇ ಅಲ್ಲ ಎಂದು ಪತ್ರಿಕೆಯಲ್ಲಿ ಬರೆದೆನಲ್ಲ — ಅದೂ ಸುಳ್ಳು.

ನಾವಿಬ್ಬರೂ ರಾಜಾಜಿನಗರದಲ್ಲಿ ಒಬ್ಬರೇ ಮೇಷ್ಟ್ರ ಹತ್ತಿರ ವೀಣೆ ಕಲಿತವರು. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಹಿಡಿಯುತ್ತಾನೆ ಎಂದು ಮೇಷ್ಟ್ರು ನನ್ನ ಕಿವಿಯನ್ನು ಹೊಗಳುತ್ತಿದ್ದರು. ನಿನ್ನನ್ನು ಮಾತ್ರ ‘ಪ್ರಶ್ನೆ ಜಾಸ್ತಿ ನಿಂದು’ ಎಂದು ಗದರುತ್ತಿದ್ದರು. ಮುಂದೆ ನೀನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಲು ಸೇರಿದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾದೆ, ವೀಣೆ ಬಿಟ್ಟೆ, ವಾರಪತ್ರಿಕೆಯೊಂದಕ್ಕೆ ಸಂಗೀತ ವಿಮರ್ಶೆ ಬರೆಯತೊಡಗಿದೆ. ನುಡಿಸುವುದನ್ನು ಬಿಟ್ಟವನು ನುಡಿಸುವವರ ತಪ್ಪು ಎಣಿಸುವ ಕೆಲಸ — ಅದರಲ್ಲೊಂದು ಸುಖವಿತ್ತು, ಸುಳ್ಳು ಹೇಳಲಾರೆ.

ಎಂಬತ್ತರ ದಶಕದ ನಡುವೆ ಒಂದು ಸಂಜೆ ನೀನು ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಗೆ ಬಂದೆ. ಕೈಯಲ್ಲಿ ಕ್ಯಾಸೆಟ್. “ನನ್ನ ಆಲ್ಬಂ ಕಣೋ ಸೀನ. ವೀಣೆ ಇಲ್ಲ, ಮೃದಂಗ ಇಲ್ಲ. ಬರೀ ಕರೆಂಟು!” ಎಂದು ನಕ್ಕೆ. ಲ್ಯಾಬಿನವರು ಮೂಲೆಗೆಸೆದಿದ್ದ, ಒಂದೇ ಸಮನೆ ಸ್ವರ ಹೊರಡಿಸುವ ಯಂತ್ರವನ್ನು ರಿಪೇರಿ ಮಾಡಿಕೊಂಡು, ಎರಡು ಟೇಪ್ ರೆಕಾರ್ಡರ್ ಇಟ್ಟುಕೊಂಡು, ಬಸವೇಶ್ವರನಗರದ ನಿಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅದನ್ನು ಮಾಡಿದ್ದೆ. ನಾಲ್ಕಾರು ಸ್ನೇಹಿತರಿಗೆ ಪ್ರತಿ ಕೊಟ್ಟಿದ್ದೆ. ವಿಮರ್ಶೆ ಬರೆಯಲು ಕೇಳಿದ್ದು ನನ್ನೊಬ್ಬನನ್ನೇ.

ಮೊದಲ ಬದಿಯನ್ನು ಪೆನ್ನು ಹಿಡಿದುಕೊಂಡೇ ಕೇಳಿದೆ. ಕಾರ್ಖಾನೆಯ ಸೈರನ್ ನಿಧಾನವಾಗಿ ಇಳಿದು, ಇಳಿದು, ಷಡ್ಜಕ್ಕೆ ಬಂದು ನಿಲ್ಲುತ್ತಿತ್ತು — ಜಾಣತನ ಎಂದುಕೊಂಡೆ. ಆಮೇಲೆ ಕ್ಯಾಸೆಟ್ ತಿರುಗಿಸಿ ಹಾಕಿದೆ.

ಸ್ಟೀಲಿನ ಪಾತ್ರೆಗೆ ಅವರೆಕಾಳು ಬೀಳುವ ಸದ್ದು. ಒಂದೊಂದು ಕಾಳಿನ ಸದ್ದನ್ನೂ ನೀನು ಎಷ್ಟು ಎಳೆದಿದ್ದೆ ಎಂದರೆ ಅದು ದೂರದ ಗಂಟೆಯಾಗಿತ್ತು. ಕೆಳಗೆ ಯಂತ್ರದ ಒಂದೇ ಸ್ವರ. ಅದರ ಮೇಲೆ, ಪದವಿಲ್ಲದೆ, ಯಾರಿಗೂ ಅಲ್ಲದಂತೆ — ನಿಮ್ಮಮ್ಮ. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ನಿಮ್ಮಮ್ಮ, ಕಾಳು ಸುಲಿಯುತ್ತಾ ಗುನುಗುತ್ತಿದ್ದರು. ಪೆನ್ನು ಯಾವಾಗ ಕೆಳಗಿಟ್ಟೆನೋ ಗೊತ್ತಿಲ್ಲ. ನನ್ನ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, “ಯಾರ್ರೀ ಬಂದಿರೋದು?” ಎಂದು ಬಾಗಿಲ ಕಡೆ ನೋಡಿದಳು. ನಾನು ಟೇಪ್ ರೆಕಾರ್ಡರಿನ ಕಡೆ ಕೈ ತೋರಿಸಿದೆ.

ಅಂಥದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮತ್ತೆ — ಇದನ್ನೂ ಹೇಳಿಬಿಡುತ್ತೇನೆ — ಅಂಥದ್ದನ್ನು ಮಾಡಿದ್ದು ನೀನು, ನಾನಲ್ಲ, ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ.

ಸಂಪಾದಕರು ಸ್ವಲ್ಪ ಹೊತ್ತು ಕೇಳಿ ನಕ್ಕರು. “ಏನ್ರೀ ಇದು, ಮಿಕ್ಸಿ ಕೆಟ್ಟಿದ್ದನ್ನ ರೆಕಾರ್ಡ್ ಮಾಡಿದಾರಾ? ಇದನ್ನ ಹೊಗಳಿದ್ರೆ ನಾಳೆ ವಿದ್ವಾಂಸರು ನಿಮ್ಮನ್ನ ಕಚೇರಿಗೆ ಕರೀತಾರಾ?” ನಾನೂ ನಕ್ಕೆ. ಮಿಕ್ಸಿಯ ಮಾತನ್ನು ಹಾಗೇ ಲೇಖನಕ್ಕೆ ತಂದೆ. ಅಷ್ಟು ಸಾಲದೆ, ತೀರಿಕೊಂಡವರ ದನಿಯನ್ನೂ ಯಂತ್ರಕ್ಕೆ ಹಾಕಿ ಅರೆಯಬಾರದಿತ್ತು ಎಂದು ನಾನೇ ಸೇರಿಸಿದೆ. ಆ ವಾಕ್ಯ ಯಾರೂ ಹೇಳಿಕೊಟ್ಟದ್ದಲ್ಲ. ನಿನಗೆ ಎಲ್ಲಿ ತಾಗುತ್ತದೆ ಎಂದು ಗೊತ್ತಿದ್ದೇ ಬರೆದೆ.

ನೀನು ಜಗಳಕ್ಕೆ ಬರಲಿಲ್ಲ. ಪತ್ರಿಕೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

“ಪೂರ್ತಿ ಕೇಳಿದ್ಯಾ ಸೀನ? ಆ ಬದಿನೂ?”

“ಹೂಂ.”

“ನಿಜ ಹೇಳು. ಏನೂ ಅನ್ನಿಸ್ಲಿಲ್ವಾ?”

“ಬರೀ ಶಬ್ದ ಕಣೇ ವನಜಾ.”

ನೀನು ತಲೆಯಾಡಿಸಿದೆ. “ನಿನ್ನ ಕಿವಿ ನಂಗೆ ಗೊತ್ತಲ್ಲ. ನಾನೇ ಅಮ್ಮನ ದನಿ ಕೆಡಿಸಿಬಿಟ್ಟೆ ಹಾಗಾದ್ರೆ,” ಎಂದೆ. ಒಳಗೆ ಬಾ ಎಂದು ಕೂಡ ನಾನು ಕರೆಯಲಿಲ್ಲ.

ತಿಂಗಳೊಳಗೆ ನೀನು ಮೂಲ ಟೇಪನ್ನು ಅಳಿಸಿದೆ. ಸ್ನೇಹಿತರಿಂದ ಪ್ರತಿಗಳನ್ನೂ ವಾಪಸ್ ಕೇಳಿ ಅಳಿಸಿದೆ. ವಿಜಯನಗರ ಬಸ್ ನಿಲ್ದಾಣದಲ್ಲಿ ಸಿಕ್ಕಾಗ, “ನಿಂದೊಂದು ಬಾಕಿ ಇದೆ, ಕೊಟ್ಬಿಡೋ” ಎಂದೆ. ನನ್ನ ಮಗಳ ಹಾಡು ರೆಕಾರ್ಡ್ ಮಾಡುವಾಗ ಅಳಿಸಿಹೋಯಿತು ಎಂದು ನಾನೆಂದೆ. ಅದಾಗ ನನ್ನ ಬೀರುವಿನಲ್ಲಿ, ಬಟ್ಟೆಗಳ ಹಿಂದೆ ಇತ್ತು. ಕೊಡಲು ಮನಸ್ಸಾಗಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಹಾಕಿಕೊಂಡು ಕೇಳುತ್ತಿದ್ದೆ — ಜಗತ್ತಿಗೆಲ್ಲ ಕೇಳಬೇಡಿ ಎಂದು ಬರೆದವನು.

ನೀನು ಮತ್ತೆ ಯಂತ್ರ ಮುಟ್ಟಲಿಲ್ಲ. ವೀಣೆಯನ್ನೂ.

ನಿನಗೆ ಮಗ ಹುಟ್ಟಿದಾಗ ನಾನು ನೋಡಲು ಬಂದಿದ್ದೆ. ತೊಟ್ಟಿಲು ತೂಗುತ್ತಾ ನೀನು, “ಒಂದ್ಸಲ ಅಮ್ಮನ ದನಿ ಕೇಳ್ಬೇಕು ಅನ್ಸತ್ತೆ ಕಣೋ. ಹೆಂಗಿದ್ರೂ ಪರ್ವಾಗಿಲ್ಲ. ನಿಂದು ನಿಜವಾಗ್ಲೂ ಅಳಿಸಿಹೋಯ್ತಾ?” ಎಂದೆ. ಆಗಲಾದರೂ — ಆಗ ಕೊಟ್ಟಿದ್ದರೆ... ಕೊಟ್ಟರೆ ನನ್ನ ಲೇಖನ ಸುಳ್ಳೆಂದು ನಿನಗೆ ತಿಳಿಯುತ್ತಿತ್ತು. “ಹೂಂ, ಹೋಯ್ತು” ಎಂದೆ. ಕಾಫಿ ಕುಡಿದು ಎದ್ದು ಬಂದೆ. ಪತ್ರಿಕೆಯಲ್ಲಿ ಬರೆದದ್ದಕ್ಕಿಂತ ಈ ಒಂದು ‘ಹೂಂ’ ನನ್ನನ್ನು ಹೆಚ್ಚು ಸುಟ್ಟಿದೆ.

ಈಗ ಆ ಟೇಪು ಸವೆದಿದೆ. ನಿಮ್ಮಮ್ಮನ ದನಿ ತೆಳುವಾಗಿದೆ, ಕೆಲವು ಕಡೆ ಉಸಿರಷ್ಟೇ ಕೇಳಿಸುತ್ತದೆ. ಬೇರೆ ಯಾರೂ ಅದನ್ನು ಮುಟ್ಟಿಲ್ಲ. ಸವೆಸಿದವನು ನಾನು. ನಿನ್ನ ಪಾಲಿನದನ್ನೂ ನಾನೇ ಕೇಳಿ ಮುಗಿಸಿದ್ದೇನೆ.

ನಿನ್ನೆ ನಿಮ್ಮ ಮನೆಗೆ ಫೋನ್ ಮಾಡಿದ್ದೆ. ಎಲ್ಲವನ್ನೂ ಹೇಳಿಬಿಡಬೇಕು ಎಂದೇ. ನೀನು ವಾಕಿಂಗ್ ಹೋಗಿದ್ದೆಯಂತೆ, ನಿನ್ನ ಸೊಸೆ ತೆಗೆದುಕೊಂಡಳು. ಹೆಸರು ಹೇಳಿದೆ.

“ಓ, ನೀವಾ ಅಂಕಲ್! ಅತ್ತೆ ನಿಮ್ಮ ವಿಷಯ ಹೇಳ್ತಾನೇ ಇರ್ತಾರೆ. ಎಲ್ರೂ ಸುಮ್ನೆ ಚೆನ್ನಾಗಿದೆ ಚೆನ್ನಾಗಿದೆ ಅಂದ್ರಂತೆ, ನೀವೊಬ್ರೇ ಅಂತೆ ಅತ್ತೆಗೆ ನಿಜ ಹೇಳಿದ್ದು.”

ನಾನು ಅವಳನ್ನು ತಿದ್ದಲಿಲ್ಲ. ಮೊದಲು ಕೇಳಬೇಕಾದವಳು ಅವಳಲ್ಲ. “ಭಾನುವಾರ ಬರ್ತೀನಿ ಅಂತ ಹೇಳಮ್ಮ” ಎಂದು ಫೋನ್ ಇಟ್ಟೆ.

ಬರುತ್ತೇನೆ, ವನಜಾ. ಕ್ಷಮಿಸು ಎಂದು ಕೇಳುವುದಿಲ್ಲ. ನಿಮ್ಮಮ್ಮನ ದನಿ ಎಷ್ಟು ಉಳಿದಿದೆಯೋ ಅಷ್ಟನ್ನು ನಿನ್ನ ಕೈಗೆ ಕೊಡುತ್ತೇನೆ. ಆಮೇಲೆ ನಿನ್ನ ಮನೆಯಲ್ಲಿ ಯಾರೂ ನನ್ನ ಬಗ್ಗೆ, ನಿಜ ಹೇಳಿದವನು ಎಂಬ ಆ ಮಾತು ಹೇಳಲಾರರು.