ಮೊಂಬಾಸಾಕ್ಕೆ ಹೋದ ಅರಿಶಿನ ಕೊಂಬು

ಇವತ್ತು ಆಯುಧಪೂಜೆ. ಬೆಳಿಗ್ಗೆ ಅಂಗಡಿಯ ಕಪಾಟು ಒರೆಸುವಾಗ ನನ್ನ ಮೊದಲ ಮೊಬೈಲ್ ಫೋನು ಸಿಕ್ಕಿತು. ಕೈಗೆತ್ತಿಕೊಂಡರೆ ಈಗಲೂ ತೂಕದ ಕಲ್ಲಿನಷ್ಟು ಭಾರ. ಏರಿಯಲ್ ಕಡ್ಡಿ ಅರ್ಧಕ್ಕೇ ಸಿಕ್ಕಿಕೊಂಡಿದೆ. ಪಕ್ಕದ ತಟ್ಟೆಯಲ್ಲಿದ್ದ ಅರಿಶಿನ ಕೊಂಬಿನ ವಾಸನೆಯೂ ಅದೇ ಹೊತ್ತಿಗೆ ಮೂಗಿಗೆ ಬಡಿಯಿತು. ಇವೆರಡನ್ನೂ ಒಟ್ಟಿಗೆ ಕಂಡರೆ ನನಗೆ ಹರಿಹರದ ರುದ್ರಪ್ಪ ಮೇಸ್ತ್ರಿ ನೆನಪಾಗುತ್ತಾರೆ.

ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯಲ್ಲಿ ಮೊಬೈಲ್ ಇದ್ದವರನ್ನು ಬೆರಳ ಮೇಲೆ ಎಣಿಸಬಹುದಿತ್ತು. ಅದರಲ್ಲಿ ನಾನೂ ಒಬ್ಬನೆಂಬ ಜಂಬ. ಚರ್ಮದ ಚೀಲದಲ್ಲಿ ಅದನ್ನು ಸೊಂಟಕ್ಕೆ ಸಿಕ್ಕಿಸಿ, ಅಂಗಿ ಅಡ್ಡ ಬರದಂತೆ ಇನ್‌ಶರ್ಟ್ ಮಾಡಿಕೊಂಡು, ಎಸ್.ಎಸ್. ಬಡಾವಣೆಯಲ್ಲಿ ಸುಮ್ಮನೆ ನಾಲ್ಕು ಸುತ್ತು ಹಾಕುತ್ತಿದ್ದೆ. ಯಾರೂ ಫೋನ್ ಮಾಡುತ್ತಿರಲಿಲ್ಲ, ಅದು ಬೇರೆ ಮಾತು. ವಿದೇಶಕ್ಕೆ ಮಾತಾಡುವ ಸೌಲಭ್ಯವನ್ನೂ ಅರ್ಜಿ ಕೊಟ್ಟು ಹಾಕಿಸಿಕೊಂಡಿದ್ದೆ. ವಿದೇಶದಲ್ಲಿ ನನಗೆ ಯಾರಿದ್ದರು ಎಂದು ದಯವಿಟ್ಟು ಕೇಳಬೇಡಿ.

ನಮ್ಮದು ಗಿರಣಿ ಯಂತ್ರಗಳ ಅಂಗಡಿ. ಯಂತ್ರ ತಯಾರಾಗುತ್ತಿದ್ದುದು ಹರಿಹರದಲ್ಲಿ, ಮೇಸ್ತ್ರಿಯ ಕಬ್ಬಿಣ ಕಡೆಯುವ ಲೇತಿನ ಶೆಡ್ಡಿನಲ್ಲಿ. ಓಡುವ ಯಂತ್ರದ ಪಕ್ಕ ಕಣ್ಣು ಮುಚ್ಚಿ ನಿಂತು, "ಎಡಗಡೆ ಬೇರಿಂಗಿಗೆ ಗ್ರೀಸ್ ಸಾಲ್ದು" ಎನ್ನುವ ಆಸಾಮಿ ಅವರು. ಒಂದು ಸಲ ಅವರ ಹಿಟ್ಟಿನ ಗಿರಣಿಯನ್ನು ಆಫ್ರಿಕಾದ ಮೊಂಬಾಸಾದ ಸೇಠರೊಬ್ಬರು ಕೊಂಡರು. ಹರಿಹರದ ಯಂತ್ರ ಹಡಗು ಹತ್ತುತ್ತದೆಂದು ನಮಗೆಲ್ಲ ಎಷ್ಟು ಹಿಗ್ಗು! ಓಡಿಸಿ ನೋಡಿದ್ದಾದ ಮೇಲೆ ನಮ್ಮ ಗೋದಾಮಿನಲ್ಲೇ ಪೂಜೆಯಾಯಿತು. ಹೊಸ ಯಂತ್ರದ ಹಿಡಿಕೆಗೆ ದಾರದಲ್ಲಿ ಅರಿಶಿನ ಕೊಂಬು ಕಟ್ಟಿ, ಪೂಜೆ ಮುಗಿದ ಮೇಲೆ ಬಿಚ್ಚುವುದು ನಮ್ಮಲ್ಲಿ ರೂಢಿ. ಅವತ್ತು ಕಟ್ಟಿದವನು ನಾನು. ಸಮುದ್ರ ದಾಟುವ ಯಂತ್ರಕ್ಕೆ ದಾರ ಎಲ್ಲಿ ಸಾಕಾದೀತು ಎಂದು ತಗಡಿನ ಕವಚ ತೆಗೆದು, ಒಳಗಿನ ಚಕ್ರಕ್ಕೇ ತಂತಿಯಿಂದ ಬಿಗಿದು, ಕವಚ ಮತ್ತೆ ಹಾಕಿಬಿಟ್ಟೆ. ಭಕ್ತಿಯೇನೋ ಇತ್ತು, ಬುದ್ಧಿ ಇರಲಿಲ್ಲ.

ಎರಡು ತಿಂಗಳಿಗೆ ಮೊಂಬಾಸಾದಿಂದ ಫ್ಯಾಕ್ಸ್ ಬಂತು. ಓಡಿಸಿದರೆ ಒಳಗೆ ಏನೋ ಬಡಿಯುತ್ತದೆ, ಯಂತ್ರ ವಾಪಸ್ ತೆಗೆದುಕೊಳ್ಳಿ ಎಂದು. ಅಂಗಡಿಯ ಯಜಮಾನರಾಗಿದ್ದ ನನ್ನ ಅಪ್ಪಾಜಿ, ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೇಳಿದರು, "ಸಾವ್ಕಾರ್ರೆ, ಯಂತ್ರದಾಗ ತಪ್ಪಿದ್ರೆ ಇನ್ನ ಲೇತ್ ಮುಟ್ಟಂಗಿಲ್ಲ ನಾನು. ಆದ್ರೆ ಆ ಸದ್ದು ಒಮ್ಮೆ ಕೇಳ್ಬೇಕು."

ಕೇಳುವುದು ಹೇಗೆ? ಅದೇ ಅಳತೆಯ ಇನ್ನೊಂದು ಯಂತ್ರ ಗೋದಾಮಿನಲ್ಲಿತ್ತು. ಎರಡರ ಸದ್ದನ್ನೂ ಹೋಲಿಸಬೇಕೆಂಬುದು ಅವರ ಹಟ. ಅಂಗಡಿಯ ಫೋನಿನ ತಂತಿ ಅಲ್ಲಿಯವರೆಗೆ ಬರುತ್ತಿರಲಿಲ್ಲ. ಆಗ ನಾನು ಸೊಂಟಕ್ಕೆ ಕೈ ಹಾಕಿದೆ ನೋಡಿ! ಗೋದಾಮಿನ ಹೊಸ್ತಿಲ ಮೇಲೆ ನಿಂತರೆ ಮಾತ್ರ ಸಿಗ್ನಲ್. ಏರಿಯಲ್ ಎಳೆದು, ಸೊನ್ನೆ ಸೊನ್ನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿಕೊಳ್ಳುತ್ತ ನಂಬರು ಒತ್ತಿದೆ. ಮೂರನೆಯ ಸಲಕ್ಕೆ ಸೇಠರು ಸಿಕ್ಕರು. ಪಕ್ಕದ ಹಳ್ಳಿ ಬಾತಿಗೆ ಮಾತಾಡುವಾಗಲೇ ಕೂಗುತ್ತಿದ್ದವನು ಮೊಂಬಾಸಾಕ್ಕೆ ಎಷ್ಟು ಕೂಗಿರಬೇಡ!

"ಕಿರಚಬ್ಯಾಡ ತಮ್ಮಾ, ಕೊಡಿಲ್ಲಿ" ಎಂದು ಮೇಸ್ತ್ರಿ ಫೋನು ಕಸಿದುಕೊಂಡರು. ತಮ್ಮ ಬಜಾರಿನ ಹಿಂದಿಯಲ್ಲೇ ಸೇಠರಿಗೆ ಹೇಳಿ ಅಲ್ಲಿಯ ಯಂತ್ರ ಓಡಿಸಿ, ರಿಸೀವರನ್ನು ಅದರ ಹತ್ತಿರ ಹಿಡಿಸಿದರು. ಇಲ್ಲಿ ನಮ್ಮದನ್ನೂ ಓಡಿಸಿದೆವು. ಒಂದು ಕಿವಿಗೆ ಮೊಂಬಾಸಾ, ಇನ್ನೊಂದಕ್ಕೆ ದಾವಣಗೆರೆ. ಕಣ್ಣು ಮುಚ್ಚಿ ನಿಂತರು.

"ಬೇರಿಂಗ್ ಸರಿ ಐತೆ. ಇದು ಕಬ್ಬಿಣದ ಸದ್ದಲ್ರಿ," ಎಂದರು ಮೆಲ್ಲಗೆ. "ಕಟ್ಟಿಗೆಯಂಥಾದ್ದು ಏನೋ ತಗಡಿಗೆ ಬಡೀತೈತೆ." ಎರಡೂ ಯಂತ್ರ ನಿಲ್ಲಿಸಿ, ಸೇಠರಿಗೆ ಹೇಳಿ ಅಲ್ಲಿಯದರ ಕವಚ ಬಿಚ್ಚಿಸಿದರು. ಸ್ವಲ್ಪ ಹೊತ್ತಿಗೆ "ಅರೆ, ಹಲ್ದಿ!" ಎಂದು ಸೇಠರು ನಕ್ಕಿದ್ದು ನಮಗೆಲ್ಲ ಕೇಳಿಸಿತು. ಕೊಂಬು ಕಿತ್ತು ಓಡಿಸಿದರೆ ಸದ್ದು ಮಾಯ. ಏಳು ಸಮುದ್ರದಾಚೆಯ ತುಂಡು ಅರಿಶಿನವನ್ನು ಹರಿಹರದ ಕಿವಿ ಹಿಡಿದುಬಿಟ್ಟಿತ್ತು!

"ಯಾರು ಅದನ್ನ ಒಳಗೆ ಕಟ್ಟಿದ್ದು?" ಅಪ್ಪಾಜಿ ಗುಡುಗಿದರು. ನಾನು ನಿಂತಲ್ಲೇ ಬೆವೆತೆ. ಮೇಸ್ತ್ರಿ ನನ್ನ ಮುಖ ನೋಡಿದರು.

"ನಾನಾ ರೀ. ವಯಸ್ಸಾತು ನೋಡ್ರಿ, ಬಿಚ್ಚಾದು ಮರ್ತೆ," ಎಂದು ಫೋನನ್ನು ಅಂಗಿಯಿಂದ ಒರೆಸಿ ನನ್ನ ಕೈಗಿಟ್ಟರು. ಅಪ್ಪಾಜಿ ನಕ್ಕು, "ಅಷ್ಟಕ್ಕೆಲ್ಲ ಲೇತ್ ಬಿಡಬ್ಯಾಡ್ರಿ ಮತ್ತೆ" ಎಂದರು.

ನಾನು ಬಾಯಿ ಬಿಡಲಿಲ್ಲ. ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ್ದು ನನ್ನ ಫೋನಿನ ಪ್ರತಾಪವನ್ನು. ಅಪ್ಪಾಜಿಯೂ ಮೇಸ್ತ್ರಿಯೂ ಈಗಿಲ್ಲ. ಶೆಡ್ಡು ನಡೆಸುತ್ತಿರುವವಳು ಮೇಸ್ತ್ರಿಯ ಮಗಳು ಗಿರಿಜಾ. ಇವತ್ತು ಹೊಸ ಯಂತ್ರದ ಜೊತೆ ಬಂದಿದ್ದಳು. ಪೂಜೆ ಮುಗಿದದ್ದೇ ಸ್ಪ್ಯಾನರ್ ಹಿಡಿದು ಕವಚ ಬಿಚ್ಚತೊಡಗಿದಳು. ಕೊಂಬು ಹಿಡಿಕೆಯಲ್ಲೇ ಇದೆಯಲ್ಲ, ಯಾಕಮ್ಮ ಎಂದೆ.

"ಪ್ರತಿ ಯಂತ್ರನೂ ಬಿಚ್ಚಿ ನೋಡ್ತೀನ್ರಿ ಕಾಕಾ. ಅಪ್ಪ ಒಮ್ಮೆ ಮರ್ತಿದ್ರಲ್ಲ. ಅದನ್ನ ಸಾಯೋತನ್ಕ ಹೇಳ್ತಿದ್ರು."

ಮನೆಯಲ್ಲೂ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ ಪುಣ್ಯಾತ್ಮ. ನನಗೆ ನಾಚಿಕೆಯಾಯಿತು. "ಅದನ್ನ ಕಟ್ಟಿದ್ದು ನಿಮ್ಮಪ್ಪ ಅಲ್ಲವ್ವ, ನಾನು" ಎಂದು ತಂತಿ, ಕವಚ, ಅಪ್ಪಾಜಿಯ ಸಿಟ್ಟು ಎಲ್ಲವನ್ನೂ ಹೇಳಿದೆ.

ಗಿರಿಜಾ ಸ್ಪ್ಯಾನರ್ ಕೆಳಗಿಟ್ಟು, ಮುಂಗೈಯಿಂದ ಕಣ್ಣೊರೆಸಿಕೊಂಡು ನಕ್ಕಳು. "ಹಂಗಾರೆ ನಮ್ಮಪ್ಪ ಕೆಲಸದಾಗ ಒಂದೂ ತಪ್ಪು ಮಾಡಿಲ್ಲ ಅನ್ರಿ."

"ಒಂದೂ ಇಲ್ಲವ್ವ," ಎಂದೆ. ಆ ಮಾತು ಹೇಳುವಾಗ ಆದಷ್ಟು ಹೆಮ್ಮೆ ನನಗೆ ಮೊಬೈಲು ಕೊಂಡ ದಿನವೂ ಆಗಿರಲಿಲ್ಲ.